107ರ ಮುಂಚಕ್ರದ ಬಾಗಿಲು

ಇಂದ,
ಚೀಫ್ ಅಲ್ಟನ್ ಪ್ರೂಯಿಟ್,
ವಿಮಾನ ದುರಸ್ತಿ ಮೇಲ್ವಿಚಾರಕ, ಹ್ಯಾಂಗರ್ 3,
ನೌಕಾ ವಿಮಾನ ನೆಲೆ, ವರ್ಜೀನಿಯಾ ಬೀಚ್.

ಗೆ,
ಮಾನ್ಯ ರಿಯರ್ ಅಡ್ಮಿರಲ್ ಅವರು,
ಅಧ್ಯಕ್ಷರು, ಹಳೆಯ ಯುದ್ಧವಿಮಾನಗಳ ನಿವೃತ್ತಿ ಪರಿಶೀಲನಾ ಸಮಿತಿ.

ವಿಷಯ: ವಿಮಾನ ಸಂಖ್ಯೆ 107ರ ನಿವೃತ್ತಿಗೆ ನನ್ನ ಸಮ್ಮತಿ ಹಾಗೂ ಅದರ ಮುಂಚಕ್ರದ ಬಾಗಿಲನ್ನು (ಹಾರುವಾಗ ಮುಂದಿನ ಗಾಲಿಯನ್ನು ಹೊಟ್ಟೆಯೊಳಗೆ ಮುಚ್ಚುವ ತಗಡು) ನನಗೆ ಕೊಡಿಸುವ ಕುರಿತು.

ಉಲ್ಲೇಖ: 1) ಮಂಗಳವಾರ ಸಮಿತಿಯ ಮುಂದೆ ನಾನು ನುಡಿದ ಸಾಕ್ಷ್ಯ (ಅಪೂರ್ಣ).
2) ಬಾಗಿಲು ಕೇಳಿ ಬರೆದ ನನ್ನ ಹಿಂದಿನ ಅರ್ಜಿ ಮತ್ತು ಅದಕ್ಕೆ ಬಂದ "ಆಗುವುದಿಲ್ಲ" ಎಂಬ ಉತ್ತರ.

ಮಾನ್ಯರೇ,

ಇಪ್ಪತ್ತೆರಡು ವರ್ಷಗಳಿಂದ ಸದರಿ ವಿಮಾನದ ಹೊಟ್ಟೆಯ ಕೆಳಗೆ ಅಂಗಾತ ಮಲಗಿ ಸೇವೆ ಸಲ್ಲಿಸುತ್ತಿರುವ ನಾನು ವಿನಂತಿಸಿಕೊಳ್ಳುವುದೇನೆಂದರೆ:

1. ಸದರಿ ವಿಮಾನ ಸೋರುತ್ತದೆಂಬ ಆಪಾದನೆ ನಿಜ. ಆದರೆ ಕಳೆದ ಮಾರ್ಚ್‌ನಲ್ಲಿ ಒಂದು ದಿನ ಹನಿಯೂ ಬೀಳಲಿಲ್ಲ. ಹ್ಯಾಂಗರಿನಲ್ಲಿ ಸಂಭ್ರಮವೋ ಸಂಭ್ರಮ. ಅನುಮಾನ ಬಂದು ಮುಚ್ಚಳ ತೆಗೆದರೆ ಒಳಗೆ ಎಣ್ಣೆಯೇ ಇರಲಿಲ್ಲ. ಕಾರಣ, ಸೋರಿಕೆಯನ್ನು ಆರೋಗ್ಯದ ಲಕ್ಷಣವೆಂದು ಪರಿಗಣಿಸಬೇಕೆಂದು ಸಮಿತಿಯಲ್ಲಿ ವಾದಿಸಿದ್ದೆ.

2. ಒಂದು ಗಂಟೆ ಹಾರಲು ನಲವತ್ತು ಗಂಟೆ ದುರಸ್ತಿ ಬೇಕೆಂಬ ತಮ್ಮ ಲೆಕ್ಕವೂ ಸರಿ. ಇದೇ ಲೆಕ್ಕವನ್ನು ನನ್ನ ಹೆಂಡತಿ ಲೊರೀನ್ ತಮಗಿಂತ ಮೊದಲೇ ಹಾಕಿದ್ದಾಳೆ; ವಿಮಾನವನ್ನು ಆಕೆ ಸವತಿಯಂತೆ "ಅವಳು" ಎನ್ನುತ್ತಾಳೆ. "ಅವಳಿಗೆ ನಲವತ್ತು ಗಂಟೆ, ನಮ್ಮನೆ ನಲ್ಲಿಗೆ ಹತ್ತು ನಿಮಿಷ ಇಲ್ಲ! ಎರಡು ವರ್ಷದಿಂದ ತೊಟ್ಟಿಕ್ತಾ ಇದೆ. ಅದಕ್ಕೂ ಎರಡು ರೆಕ್ಕೆ ಅಂಟಿಸ್ಲಾ?"

3. ಬದಲಿಗೆ ಬರಲಿರುವ ಹೊಸ ವಿಮಾನ ಸೋರುವುದಿಲ್ಲ. ಎಲ್ಲಿ ನೋವೆಂದು ತಾನೇ ಪರದೆಯ ಮೇಲೆ ಬರೆದು ತೋರಿಸುತ್ತದೆ. ಇದು ನನಗೆ ಹಿಡಿಸಿಲ್ಲ. ಹೊಟ್ಟೆಕಿಚ್ಚು ಎಂದು ದಾಖಲಿಸಿಕೊಳ್ಳಬಹುದು.

4. ಮಂಗಳವಾರ ಸಮಿತಿಯಲ್ಲಿ ಮೂವರು ವಿಮಾನ ಇರಲಿ ಎಂದರು, ಮೂವರು ಹಾರಿದ್ದು ಸಾಕು ಎಂದರು, ಊಟ ಆರಿಹೋಯಿತು. ಕೊನೆಗೆ ತಾವು ನನ್ನ ಕಡೆ ತಿರುಗಿದಿರಿ.

"ಚೀಫ್, ಸುತ್ತಿ ಬಳಸಿ ಮಾತು ಬೇಡ. ನಿನ್ನ ಮಗಳನ್ನ ಇದರಲ್ಲಿ ಕೂರಿಸ್ತೀಯಾ?"

"ದಿನಾ ಬೆಳಿಗ್ಗೆ ಯಾರದೋ ಮಗಳನ್ನ ಕೂರಿಸ್ತಾನೇ ಇದೀನಲ್ಲ ಸರ್," ಎಂದೆ.

"ನಾ ಕೇಳಿದ್ದು ಅದಲ್ಲ."

ನಾನು ನೀರು ಕುಡಿದೆ. ಸಭೆಯನ್ನು ಮುಂದೂಡಲಾಯಿತು.

ಮರುದಿನ ಬೆಳಿಗ್ಗೆ ಆ ಯಾರದೋ ಮಗಳು, ಪೈಲಟ್ ಲೆಫ್ಟಿನೆಂಟ್ ಡಾನಾ ಕೆಸ್ಲರ್, ಹೆಲ್ಮೆಟ್ ಹಿಡಿದು ಬಂದರು. ವಿಮಾನ ಹಾರಲು ಯೋಗ್ಯ ಎಂಬ ಹಾಳೆಗೆ ಸಹಿ ಹಾಕಬೇಕಾದವನು ನಾನು. "ನೀವು ಹಾಕಿದ್ರೆ ಸಾಕು ಚೀಫ್, ನಾನು ಓದೋದೂ ಇಲ್ಲ," ಎಂದು ನಕ್ಕರು. ಪೆನ್ನು ಏಳಲಿಲ್ಲ. ಮತ್ತೆ ಕೆಳಗೆ ನುಸುಳಿ ಒಂದೊಂದನ್ನೂ ಮುಟ್ಟಿ ನೋಡಿದೆ. ಎಲ್ಲ ಸರಿಯಿತ್ತು, ಸಹಿ ಹಾಕಿದೆ. ಅವರು ಇಳಿಯುವ ತನಕ, ಒಂದು ಗಂಟೆ ಹತ್ತು ನಿಮಿಷ, ನನಗೆ ಭಯವಾಗಿತ್ತು. ಇಪ್ಪತ್ತೆರಡು ವರ್ಷಗಳಲ್ಲಿ ಹೀಗಾದದ್ದು ಇದೇ ಮೊದಲು.

ಆದ್ದರಿಂದ ಉಲ್ಲೇಖ 1ರ ಸಾಕ್ಷ್ಯವನ್ನು ಈ ಮೂಲಕ ಪೂರ್ಣಗೊಳಿಸುತ್ತೇನೆ: ಕೂರಿಸುವುದಿಲ್ಲ. ನಿವೃತ್ತಿ ಕೊಡಿ. ನನ್ನ ಮುಂದಿನ ಸಹಿಗೆ ಮೊದಲೇ ಕೊಡಿ.

5. ಇನ್ನು ಬಾಗಿಲು. ಪೈಲಟ್‌ಗಳ ಹೆಸರು ಮೇಲೆ, ಗಾಜಿನ ಪಕ್ಕ ಬರೆಯುತ್ತಾರೆ. ಅದು ಹದಿನಾಲ್ಕು ಬಾರಿ ಬದಲಾಗಿದೆ. ನನ್ನ ಹೆಸರು ಮುಂಚಕ್ರದ ಬಾಗಿಲ ಮೇಲೆ, ಬಗ್ಗಿದವರಿಗಷ್ಟೇ ಕಾಣುವಂತೆ, ಒಮ್ಮೆಯೂ ಬದಲಾಗದೆ ಉಳಿದಿದೆ. ಬಿಡಿಭಾಗಗಳು ಶತ್ರುವಿನ ಕೈ ಸೇರಬಾರದೆಂದು ವಿಮಾನವನ್ನು ಚೂರುಚೂರು ಮಾಡುವ ನಿಯಮ ನನಗೆ ಗೊತ್ತು. ಈ ಬಾಗಿಲು ಶತ್ರುವಿಗೇ ಸಿಕ್ಕಿತೆನ್ನಿ, ಅವನೂ ಇಪ್ಪತ್ತೆರಡು ವರ್ಷ ಅದರ ಕೆಳಗೆ ಮಲಗಬೇಕಾಗುತ್ತದೆ. ದೇಶಕ್ಕೆ ಲಾಭವೇ.

ಕಾರಣ, ಸದರಿ ಬಾಗಿಲನ್ನು ನನ್ನ ಹೆಸರಿನ ಸಮೇತ ನನಗೆ ದಯಪಾಲಿಸಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ,
ಅಲ್ಟನ್ ಪ್ರೂಯಿಟ್

ಲಗತ್ತುಗಳು:
1) ನಿವೃತ್ತಿಗೆ ಸಹಿ ಮಾಡಿದ ಸಮ್ಮತಿ ಪತ್ರ. (ಎಣ್ಣೆಯ ಕಲೆಗೆ 107 ಹೊಣೆ.)
2) ಬಾಗಿಲನ್ನು ಮನೆಯೊಳಗೆ ತರಲು ಲೊರೀನಳ ಷರತ್ತುಬದ್ಧ ಒಪ್ಪಿಗೆ. ಷರತ್ತು: ನಲ್ಲಿ.

ವಿ.ಸೂ.: ಬಾಗಿಲು ಕೊಡಲು ನಿಯಮ ಒಪ್ಪದಿದ್ದಲ್ಲಿ, ವಿಮಾನವನ್ನು ಚೂರು ಮಾಡುವ ದಿನ ನನಗೆ ಒಂದು ದಿನದ ರಜೆ ಮಂಜೂರು ಮಾಡಬೇಕು. ಕಾರಣ ಎಂಬಲ್ಲಿ "ನಲ್ಲಿ ರಿಪೇರಿ" ಎಂದು ಬರೆದುಕೊಳ್ಳಬಹುದು.