ಗೇಟಿನ ಮೇಲೆ ಹಾಜರು, ತರಗತಿಯಲ್ಲಿ ಗೈರು

ನಮ್ಮ ಸೋದರತ್ತೆಯ ಜೊತೆ ಯಾವ ಕಚೇರಿಗೂ ಹೋಗಬೇಡಿ. ಹೋದರೆ ನಿಮ್ಮ ಕೆಲಸವೇನೋ ಖಂಡಿತ ಆಗುತ್ತದೆ. ಆದರೆ ಆಮೇಲೆ ಜನ್ಮದಲ್ಲಿ ಆ ಕಡೆ ಮುಖ ಹಾಕುವ ಹಾಗಿರುವುದಿಲ್ಲ!

ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಗೆ ಕಬಡ್ಡಿ ಆಟಗಾರ್ತಿಯಾಗಿ ಸೇರಿ, ಅಲ್ಲೇ ನಿವೃತ್ತರಾದವರು ಅವರು. ಆಟ ಬಿಟ್ಟು ಯಾವ ಕಾಲವಾಯಿತೋ, ಕೊರಳಲ್ಲಿ ತಾಳಿಸರದ ಪಕ್ಕ ಒಂದು ಸ್ಟೀಲ್ ಸೀಟಿ ಇನ್ನೂ ನೇತಾಡುತ್ತದೆ. ಯಾರಾದರೂ ಫುಟ್‌ಪಾತಿನ ಮೇಲೆ ಸ್ಕೂಟರ್ ಹತ್ತಿಸಿದರೋ, ಮುಗಿಯಿತು, ಪೀ! ಸೀಟಿ ಕೇಳಿದ ಬೆಂಗಳೂರಿನವನ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಮೊನ್ನೆ ಒಬ್ಬ ಪಾಪದವನು, "ಲೈಸೆನ್ಸ್ ಮನೇಲಿದೆ ಆಂಟಿ" ಎಂದು ಕೈಮುಗಿದ. "ಹೋಗ್ ತಗೊಂಬಾ" ಎಂದರು ಅತ್ತೆ. ಹೋಗಿ ತಂದು ತೋರಿಸಿದ!

ಇಂಥವರ ಮನೆಯ ಮಹಡಿ ಕೋಣೆಗೆ ಬಾಡಿಗೆಗೆ ಬಂದವಳು ರೇಣುಕಾ. ಯಲ್ಲಾಪುರದ ಕಡೆಯ ಸಿದ್ದಿ ಹುಡುಗಿ. ಅವಳ ಹಿರಿಯರು ಆಫ್ರಿಕಾದಿಂದ ಬಂದು ಎಷ್ಟು ತಲೆಮಾರಾಯಿತೋ, ಅವಳ ಅಜ್ಜಿಯ ಅಜ್ಜಿಗೂ ತವರು ಆ ಕಾಡಿನ ಊರೇ. ಆದರೆ ನಮ್ಮ ಬೀದಿಯವರಿಗೆ ಇದನ್ನು ಹೇಳುವವರು ಯಾರು? ತರಕಾರಿ ಗಾಡಿಯವನು ಅವಳನ್ನು ಕಂಡ ತಕ್ಷಣ, "ವಾಟ್ ವಾಂಟ್ ಮೇಡಂ?" ಎಂದ.

"ಅರ್ಧ ಕಿಲೋ ಬೀನ್ಸ್ ಕೊಡಿ ಅಣ್ಣಾ, ಬಲ್ತಿದ್ದು ಹಾಕ್ಬೇಡಿ" ಎಂದಳು ರೇಣುಕಾ.

"ಅರೆರೆ, ಎಷ್ಟ್ ಚೆನ್ನಾಗಿ ಕನ್ನಡ ಕಲ್ತುಬಿಟ್ಟಿದೀರಾ ಮೇಡಂ!"

ಅತ್ತೆ ಮಹಡಿ ಮೆಟ್ಟಿಲಿನಿಂದಲೇ ಕೂಗಿದರು: "ಅವಳದ್ದು ಹುಟ್ಟು ಕನ್ನಡ ಕಣಯ್ಯಾ! ನೀನೆಲ್ಲಿ ಕಲ್ತೆ ಹೇಳು?"

"ನಾನಾ? ನಾನೇ ಈಗ ಕಲೀತಾ ಇದೀನಮ್ಮಾ, ನಮ್ದು ತಮಿಳ್ನಾಡು, ಧರ್ಮಪುರಿ" ಎಂದ ಪುಣ್ಯಾತ್ಮ.

ರೇಣುಕಾ ಪೀಣ್ಯದಾಚೆಯ ಒಂದು ಕಾಲೇಜಿನಲ್ಲಿ ಕ್ರೀಡಾ ಕೋಟಾದಲ್ಲಿ ಬಿಎಸ್ಸಿ ಓದುತ್ತಿದ್ದಳು. ನಾನೂರು ಮೀಟರ್ ಓಟಗಾರ್ತಿ. ಆದರೆ ಅವಳ ಪ್ರಾಣವಿದ್ದದ್ದು ಕೆಮಿಸ್ಟ್ರಿಯಲ್ಲಿ. ಕಾಲೇಜಿನಲ್ಲಿ ಪಾಠ ಹೇಳುವವಳಾಗಬೇಕೆಂದು ಆಸೆ. ಬೆಳಗಾಗುವ ಮುಂಚೆ ಮೈದಾನ, ಆಮೇಲೆ ತರಗತಿ, ಸಂಜೆ ಮತ್ತೆ ಮೈದಾನ. ಊಟದ ತಟ್ಟೆಯ ಮುಂದೆಯೇ ತೂಕಡಿಸುವ ಹುಡುಗಿಯನ್ನು ಅತ್ತೆ ಸೀಟಿ ಊದಿ ಎಬ್ಬಿಸುತ್ತಿದ್ದರು.

ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಅವಳಿಗೆ ಚಿನ್ನ ಬಂತು. ನಮ್ಮ ಕಡೆ ಏನೇ ಆದರೂ ಮೊದಲು ಫ್ಲೆಕ್ಸ್ ಏಳುತ್ತದೆ ನೋಡಿ! ಹುಟ್ಟುಹಬ್ಬಕ್ಕೂ ಫ್ಲೆಕ್ಸ್, ಶ್ರದ್ಧಾಂಜಲಿಗೂ ಫ್ಲೆಕ್ಸ್. ಕಾಲೇಜಿನ ಗೇಟಿನ ಮೇಲೂ ಎದ್ದಿತು: 'ನಮ್ಮ ಕಾಲೇಜಿನ ಹೆಮ್ಮೆ'. ಮಧ್ಯದಲ್ಲಿ ಜನ್ಮದಲ್ಲಿ ಓಡದ ಛೇರ್ಮನ್ನರು, ಮೂಲೆಯಲ್ಲಿ ರೇಣುಕಾ.

ಅದೇ ಗೇಟಿನ ಒಳಗೆ, ಪರೀಕ್ಷೆ ಹತ್ತಿರ ಬಂದಾಗ, ಆ ಹೆಮ್ಮೆಗೆ ಹಾಲ್ ಟಿಕೆಟ್ ಇಲ್ಲವೆಂದರು. ಹಾಜರಿ ಸಾಲದಂತೆ! ಹುಡುಗಿ ಎಲ್ಲಿಗೆ ಹೋಗಿದ್ದಳು? ಸಿನಿಮಾಕ್ಕೆ ಹೋಗಿದ್ದಳೇ? ಕಾಲೇಜೇ ಟ್ರ್ಯಾಕ್‌ಸೂಟ್ ಹಾಕಿ, ರೈಲು ಹತ್ತಿಸಿ, ಓಡಿ ಬಾ ಎಂದು ಕಳಿಸಿತ್ತು. ಕಳಿಸಿದವರೇ ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರೆ ಮೈ ಉರಿಯುತ್ತದೋ ಇಲ್ಲವೋ?

ಅತ್ತೆಗೆ ಉರಿಯಿತು. "ಗಾಡಿ ತೆಗಿಯೋ" ಎಂದರು. ನಾನು ಹಿಂದೆ ಅತ್ತೆಯನ್ನು ಕೂರಿಸಿಕೊಂಡು ಹೋದೆ. ರೇಣುಕಾ ಬಸ್ಸಿನಲ್ಲಿ ಬಂದಳು.

ಪ್ರಿನ್ಸಿಪಾಲರು ಬಹಳ ಸಭ್ಯರು. ಸಭ್ಯರಾಗಿಯೇ ಹೇಳಿದರು: "ನೋಡಿ ಮೇಡಂ, ಇವರಿಗೆ ಓಟ ರಕ್ತದಲ್ಲೇ ಬಂದಿರುತ್ತೆ. ಈ ಕೆಮಿಸ್ಟ್ರಿ ಎಲ್ಲಾ ಯಾಕೆ ತಲೆನೋವು?"

"ರಕ್ತದಲ್ಲೇ ಬಂದಿದ್ರೆ ಕತ್ತಲಲ್ಲಿ ಎದ್ದು ಬೆವರು ಯಾಕ್ರೀ ಸುರಿಸ್ತಾಳೆ?"

"ಅಮೆರಿಕದಲ್ಲೂ ಹಾಗೇ ಮೇಡಂ. ಕಪ್ಪು ಹುಡುಗರು ಕಾಲೇಜಿಗೆ ಬರೋದೇ ಆಡೋಕೆ. ಓದು ಹೆಸರಿಗೆ ಅಷ್ಟೆ."

"ಆ ಮಕ್ಕಳ ಅಮ್ಮಂದಿರನ್ನ ಕೇಳಿದೀರಾ, ಯಾತಕ್ಕೆ ಕಳಿಸಿದ್ರಿ ಅಂತ? ಆಡ್ಸೋದು ನೀವು, ಕಪ್ ಇಟ್ಕೊಳ್ಳೋದು ನೀವು, ಓದಲಿಲ್ಲ ಅನ್ನೋದೂ ನೀವೇ! ಅಲ್ಲಿನವರಿಗೆ ನಾಚಿಕೆ ಇಲ್ಲ ಅಂದ್ರೆ ನಿಮಗೂ ಬೇಡ್ವಾ?"

"ಹಾಜರಿ ಇಲ್ದೆ ನಾನೇನ್ ಮಾಡ್ಲಿ?" ಎಂದರು ಪ್ರಿನ್ಸಿಪಾಲರು.

ಅತ್ತೆ ಎದ್ದು ಹೊರಟರು. ಸೋತರು ಎಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡೆ! ನೆಟ್ಟಗೆ ಗೇಟಿಗೆ ಹೋಗಿ, ನನ್ನ ಸ್ಕೂಟರಿನ ಸೀಟು ಹತ್ತಿ ನಿಂತು, ಚೀಲದಿಂದ ತರಕಾರಿ ಚಾಕು ತೆಗೆದು, ಫ್ಲೆಕ್ಸಿನ ಹಗ್ಗ ಕುಯ್ದರು. ಸೆಕ್ಯೂರಿಟಿಯವನು ಓಡಿ ಬಂದ. ಪೀ! ಅಟೆನ್ಷನ್ನಿನಲ್ಲಿ ನಿಂತುಬಿಟ್ಟ, ಪಾಪ.

ಸುತ್ತಿದ ಫ್ಲೆಕ್ಸನ್ನು ಹೆಗಲ ಮೇಲೆ ಹೊತ್ತು ತಂದು ಮೇಜಿನ ಮೇಲೆ ಹಾಸಿದರು. ಮೇಜು, ಫೈಲು, ಟೀ ಕಪ್ಪು, ಪ್ರಿನ್ಸಿಪಾಲರ ಅರ್ಧ ಭಾಗ, ಎಲ್ಲ ಮುಚ್ಚಿಹೋಯಿತು.

"ಬಂದಿಲ್ಲ ಅಂದ್ರಲ್ಲ? ಬಿಸಿಲಲ್ಲಿ, ಮಳೇಲಿ ನಿಮ್ಮ ಗೇಟಲ್ಲೇ ನಿಂತಿದ್ಲಲ್ರೀ ಇವಳು! ಭಾನುವಾರನೂ ರಜಾ ಹಾಕಿಲ್ಲ! ಹಾಕ್ರೀ ಹಾಜರಿ!"

ಬಾಗಿಲಲ್ಲಿ ಇಡೀ ಕಾಲೇಜು ನೆರೆದಿತ್ತು. ಯಾರೋ ಶಿಳ್ಳೆ ಹೊಡೆದರು. ಪ್ರಿನ್ಸಿಪಾಲರು ಛೇರ್ಮನ್ನರ ಭಾವಚಿತ್ರದ ಮೇಲಿಂದ ಇಣುಕಿ ಗುಮಾಸ್ತರನ್ನು ಕರೆಸಿದರು. ಕೂಟಕ್ಕೆ ಹೋದ ದಿನಗಳಿಗೆ ಹಾಜರಿ ಕೊಡಬಹುದೆಂಬ ನಿಯಮ ಮೊದಲಿಂದಲೂ ಇತ್ತಂತೆ! ಯಾರೂ ಕೇಳಿರಲಿಲ್ಲವಂತೆ! ಕೇಳದಿದ್ದರೆ ಒಬ್ಬ ಹುಡುಗಿಯ ವರ್ಷ ಹಾಳಾಗಲಿ ಎಂದು ಸುಮ್ಮನಿರುವುದನ್ನು ಯಾವ ವಿದ್ಯೆ ಅನ್ನುತ್ತಾರೋ ನನಗಂತೂ ತಿಳಿಯದು.

ಕೆಮಿಸ್ಟ್ರಿ ಪರೀಕ್ಷೆಯ ದಿನ ಅತ್ತೆ ಕಾಲೇಜಿನೆದುರು ಹೊಂಗೆಮರದ ಕಟ್ಟೆಯ ಮೇಲೆ ಕೂತುಬಿಟ್ಟರು. ಕೆಲಸದ ನಡುವೆ ನೋಡಲು ಹೋದೆ. "ಮನೆಗೆ ಹೋಗಿ ಬರಬಹುದಿತ್ತಲ್ಲ ಅತ್ತೆ?" ಎಂದೆ.

ಅವರು ಬೈಯಲಿಲ್ಲ. ಗೇಟಿನ ಕಡೆಯೇ ನೋಡುತ್ತ ಹೇಳಿದರು: "ಫ್ಯಾಕ್ಟರಿಗೆ ಸೇರಿದ ಮೇಲೆ ನಾನೂ ಸಂಜೆ ಕಾಲೇಜಲ್ಲಿ ಡಿಪ್ಲೊಮಾಗೆ ಸೇರಿದ್ದೆ ಕಣೋ. ಪರೀಕ್ಷೆ ವಾರಾನೇ ಟೂರ್ನಮೆಂಟು. 'ಆಡಮ್ಮಾ, ಪರೀಕ್ಷೆ ಮುಂದಿನ ವರ್ಷವೂ ಇರುತ್ತೆ' ಅಂದ್ರು. ಗೆದ್ವಿ. ಹಾರ ಹಾಕಿದ್ರು. ಮುಂದಿನ ವರ್ಷವೂ ಟೂರ್ನಮೆಂಟ್ ಇತ್ತು."

ಇಷ್ಟು ವರ್ಷ ಈ ಮಾತನ್ನು ಅವರು ಯಾರಿಗೂ ಹೇಳಿರಲಿಲ್ಲ. ನಾನು ಕೆಲಸಕ್ಕೆ ವಾಪಸ್ ಹೋಗದೆ ಕಟ್ಟೆಯ ಮೇಲೆ ಅವರ ಪಕ್ಕ ಕೂತೆ.

ಗಂಟೆ ಹೊಡೆಯಿತು. ರೇಣುಕಾ ನಗುತ್ತ ಬಂದಳು. "ಅಡ್ಡಿಲ್ಲ ಅಮ್ಮಾ, ಚಲೋ ಬರ್ದೆ."

ಅತ್ತೆ ಕೈ ಚಾಚಿ ಪ್ರಶ್ನೆಪತ್ರಿಕೆ ಇಸಿದುಕೊಂಡರು. ಕನ್ನಡಕ ಹಾಕಿ, ಒಂದೊಂದು ಸಾಲಿನ ಕೆಳಗೂ ಬೆರಳಾಡಿಸಿದರು. ಆಮೇಲೆ ಒಂದು ಪ್ರಶ್ನೆಯ ಮೇಲೆ ಬೆರಳಿಟ್ಟು, "ಇದೇನು ಕೇಳ್ತಾ ಇದಾರೆ?" ಎಂದರು.

ರೇಣುಕಾ ಪಕ್ಕದಲ್ಲಿ ಕೂತು, ಬರೆಯಲು ಕಾಗದ ಸಿಗದೆ, ಅತ್ತೆಯ ಅಂಗೈಯನ್ನೇ ತೊಡೆಯ ಮೇಲೆ ಇಟ್ಟುಕೊಂಡು ಪೆನ್ನಿನಲ್ಲಿ ಆರು ಮೂಲೆಯ ಒಂದು ಚಿತ್ರ ಬರೆದಳು. ಬಸ್ಸು ಬಂತು, ಹೋಯಿತು. ಇಬ್ಬರೂ ಏಳಲಿಲ್ಲ.

"ನಿಧಾನಕ್ಕೆ ಹೇಳಮ್ಮಾ" ಎಂದರು ಅತ್ತೆ, "ನಂಗಿದು ಹೊಸದು."