ನನ್ನ ಗಾಡಿ ಪೇಂಟ್ ಮುಟ್ಟಬೇಡ

ಅರವತ್ತು ದಾಟಿದ ಹೆಂಗಸಿಗೆ ಯಾವ ಚಟ ಇರಬಹುದು, ಯಾವುದು ಇರಬಾರದು ಎಂಬ ಬಗ್ಗೆ ನಮ್ಮ ಮಾರೇನಹಳ್ಳಿಯಲ್ಲಿ ಎಲ್ಲರಿಗೂ ಖಚಿತ ಅಭಿಪ್ರಾಯಗಳಿವೆ. ಧಾರಾವಾಹಿ ನೋಡಬಹುದು, ಮಂಡಿನೋವಿನ ಎಣ್ಣೆಗಳ ಗುಣಾವಗುಣ ಚರ್ಚಿಸಬಹುದು, ಸೊಸೆಯಿದ್ದರೆ ಸೊಸೆಯನ್ನು ಆಡಿಕೊಳ್ಳಬಹುದು. ಕಾರಿನ ಡಿಕ್ಕಿಯಲ್ಲಿ ಅಕ್ಕಿ ಡ್ರಮ್ಮಿನಷ್ಟು ದೊಡ್ಡ ಸ್ಪೀಕರ್ ಇಟ್ಟುಕೊಂಡು ತಮಟೆ ಕೇಳುವುದು ಮಾತ್ರ ಆ ಪಟ್ಟಿಯಲ್ಲಿ ಇಲ್ಲ. ನನಗೆ ಬೇಕಾದದ್ದು ಅದೇ. ತಮಟೆಯ ಸದ್ದು ಕಿವಿಗೆ ಬಂದರೆ ಸಾಲದು, ಎದೆಗೂಡಿಗೇ ಬಂದು ಗುದ್ದಬೇಕು. ಪಿಯು ಕಾಲೇಜಿನಲ್ಲಿ ಮೂವತ್ತು ವರ್ಷ ಫಿಸಿಕ್ಸ್ ಪಾಠ ಮಾಡುತ್ತ "ಸೈಲೆನ್ಸ್! ಸೈಲೆನ್ಸ್!" ಎಂದು ಮೇಜು ಕುಟ್ಟಿದವಳು ನಾನು. ನನ್ನ ಪಾಲಿನ ಸೈಲೆನ್ಸ್ ಅಲ್ಲಿಗೇ ಮುಗಿಯಿತು.

ಮನೆಯಲ್ಲಿ ಹಾಕುವಂತಿಲ್ಲ. ನಮ್ಮ ಯಜಮಾನರು ಬೆಳಿಗ್ಗೆ ಶಿವಪೂಜೆಗೆ ಕೂರುತ್ತಾರೆ, ಮಧ್ಯಾಹ್ನ ನಿದ್ದೆ, ಸಂಜೆ ನ್ಯೂಸು. ಮೂರಕ್ಕೂ ಶಾಂತಿ ಬೇಕಂತೆ; ನ್ಯೂಸಿನಲ್ಲಿ ಎಂಟು ಜನ ಒಟ್ಟಿಗೆ ಕಿರುಚುವುದು ಶಾಂತಿಯ ಲೆಕ್ಕಕ್ಕೇ ಬರುತ್ತದೆ. ಹಾಗಾಗಿ ನಿವೃತ್ತಿಯಾದ ಮೇಲೆ ನಾನೇ ಕೊಂಡ ಕೆಂಪು ಕಾರು ನನ್ನ ಸಂಗೀತದ ಕೋಣೆಯಾಯಿತು. ಈ ಮನೆಯಲ್ಲಿ ಗೀರಿಲ್ಲದ ವಸ್ತು ಅದೊಂದೇ. ಅದರ ಮೇಲೆ ಬೆಕ್ಕು ಹತ್ತಿದರೂ ನನಗೆ ಹೊಟ್ಟೆ ಉರಿಯುತ್ತದೆ.

ಸ್ಪೀಕರನ್ನೂ ಅದರ ಸದ್ದು ಹಿಗ್ಗಿಸುವ ಆಂಪ್ಲಿಫಯರನ್ನೂ ಕೂರಿಸಿದ್ದು ಬಾಪೂಜಿ ನಗರದ ನಾಗರಾಜ. ಕಾರಿನ ವೈರಿಂಗ್ ಅವನ ಕಸುಬು. ನನ್ನದೇ ಹಳೆಯ ವಿದ್ಯಾರ್ಥಿ, ಫಿಸಿಕ್ಸಿನಲ್ಲಿ ಎರಡು ಸಲ ಡುಮ್ಕಿ ಹೊಡೆದವನು. ಈಗ ಅವನಿಗೇ ನಲವತ್ತು ದಾಟಿ ತಲೆ ಬೋಳಾಗಿದೆ, ಆದರೂ ನನ್ನ ಕಂಡರೆ ಕೈ ತಾನಾಗಿ ಬೆನ್ನ ಹಿಂದೆ ಹೋಗುತ್ತದೆ.

ಮೊದಲ ದಿನ ಸಂಜೆ ಮಾಗಡಿ ರೋಡಿನಲ್ಲಿ ಬ್ಯಾಡರಹಳ್ಳಿ ಕಡೆಗೆ ಹೊರಟೆ. ತಮಟೆಯ ಏಟು ಬಿದ್ದಾಗಲೆಲ್ಲ ಹೆಡ್‌ಲೈಟ್ ಕಣ್ಣು ಹೊಡೆಯತೊಡಗಿತು. ಮುಂದಿದ್ದ ಬೈಕಿನವನು ಪಕ್ಕಕ್ಕೆ ಬಂದು, "ಏನ್ ಆಂಟಿ, ಆಗ್ಲಿಂದ ಲೈಟ್ ಹೊಡೀತಾನೇ ಇದೀರ, ಏನ್ ಸಮಾಚಾರ?" ಎಂದು ಕೇಳಿದ. ಮಾನ ಹೋಯಿತು. ಮರುದಿನ ನಾಗರಾಜ ಎಂಜಿನ್ನಿನ ಜೊತೆ ತಿರುಗಿ ಕರೆಂಟು ಹುಟ್ಟಿಸುವ ಆಲ್ಟರ್ನೇಟರನ್ನು ತೆಗೆದು ದೊಡ್ಡದು ಹಾಕಿದ, ಬ್ಯಾಟರಿ ಬದಲಿಸಿದ, ಹೆಬ್ಬೆರಳು ದಪ್ಪದ ವೈರು ಎಳೆದ. ಕೊನೆಗೆ ಡಿಕ್ಕಿಯ ಕಾರ್ಪೆಟ್ ಎತ್ತಿ ತಲೆ ಕೆರೆದುಕೊಂಡ.

"ಮಿಸ್, ಆಂಪ್ಲಿಫಯರ್‌ದು ಹೊಸ ಅರ್ತ್ ವೈರ್ ಗಾಡಿ ತಗಡಿಗೇ ತಾಗ್ಬೇಕು. ಇಲ್ಲಿ ಒಂದ್ರೂಪಾಯಿ ಕಾಯಿನ್ ಅಷ್ಟು ಪೇಂಟ್ ಕೆರೀತೀನಿ."

"ಏನು ಕೆರೀತೀಯಾ? ನನ್ನ ಗಾಡಿ ಪೇಂಟಾ?"

"ಕಾರ್ಪೆಟ್ ಕೆಳಗೆ ಮಿಸ್, ಯಾರ್ಗೂ ಕಾಣಲ್ಲ."

"ನನಗೆ ಗೊತ್ತಿರುತ್ತಲ್ಲೋ! ಮುಚ್ಕೊಂಡು ಬೋಲ್ಟ್ ಟೈಟ್ ಮಾಡು."

"ಸರಿ ಮಿಸ್," ಎಂದು ಪೇಂಟಿನ ಮೇಲೆಯೇ ಬಿಗಿದ.

ಹೆಡ್‌ಲೈಟೇನೋ ಸುಮ್ಮನಾಯಿತು. ಆದರೆ ವಾಲ್ಯೂಮ್ ಏರಿಸಿದರೆ ತಮಟೆ ನಾಲ್ಕು ಏಟು ಬಡಿದು, ಆಂಪ್ಲಿಫಯರಿನಲ್ಲಿ ಕೆಂಪು ದೀಪ ಹತ್ತಿ, ಗಪ್‌ಚಿಪ್. ಆಕ್ಸಿಲರೇಟರ್ ಒತ್ತಿದರೆ ಸ್ಪೀಕರಿನಿಂದ ಸೊಳ್ಳೆಯ ಹಾಗೆ ಕುಂಯ್ ಎಂಬ ರಾಗ ಬೇರೆ. ನಾನು ನಾಗರಾಜನನ್ನು ನಿಲ್ಲಿಸಿ ಅರ್ಧ ಗಂಟೆ ಪಾಠ ಮಾಡಿದೆ. ಕರೆಂಟು ಸಾಲುತ್ತಿಲ್ಲ, ಇನ್ನೂ ದಪ್ಪ ವೈರು ಬೇಕು, ಡಿಕ್ಕಿಯಲ್ಲಿ ಎರಡನೇ ಬ್ಯಾಟರಿ ಬೇಕು ಎಂದೆ. ಅವನು ಪ್ರತಿಯೊಂದಕ್ಕೂ "ಸರಿ ಮಿಸ್" ಅಂದ, ಹೇಳಿದ್ದೆಲ್ಲ ಹಾಕಿದ. ನಾಲ್ಕು ಏಟು, ಕೆಂಪು ದೀಪ, ಗಪ್‌ಚಿಪ್.

ಜೀವಮಾನದಲ್ಲಿ ಒಂದು ಬಲ್ಬ್ ಬದಲಿಸದ ನಮ್ಮ ಯಜಮಾನರಿಗೆ ಇದರಿಂದ ಆದ ಸಂತೋಷ ಹೇಳತೀರದು. "ಮೂವತ್ತು ವರ್ಷ ಕರೆಂಟಿನ ಪಾಠ ಹೇಳಿದ್ಯಲ್ಲೇ, ಪಾಪ, ಆ ಮಕ್ಕಳ ಗತಿ ಏನಾಯ್ತೋ!" ಎಂದು ದಿನಕ್ಕೊಮ್ಮೆ ಮರುಗಿದರು. ಕೊನೆಗೆ, "ಭಾನುವಾರ ಕೆಂಗೇರಿಗೆ ಅಕ್ಕನ ಮನೆಗೆ ಹೋಗ್ಬೇಕು. ಅಷ್ಟರೊಳಗೆ ರಿಪೇರಿ ಆಗ್ಲಿಲ್ಲ ಅಂದ್ರೆ ಆ ಡಬ್ಬ ಕೀಳ್ಸಿಬಿಡು. ತರಕಾರಿ ಇಡೋಕಾದ್ರೂ ಜಾಗ ಆಗುತ್ತೆ," ಅಂದರು.

"ಕೀಳಿಸ್ತೀನಿ ಹೋಗ್ರೀ!" ಅಂದೆ ಕೋಪದಲ್ಲಿ. ಅಡುಗೆಮನೆಗೆ ಹೋಗಿ ನಿಂತಾಗ ಅಳು ಬಂತು. ನನ್ನದು ಎಂದು ನಾನು ಆಸೆಪಟ್ಟದ್ದು ಅದೊಂದು ಸದ್ದು. ಅದು ಹೋಗುವುದರ ಜೊತೆಗೆ ನನ್ನ ಫಿಸಿಕ್ಸೂ ಹೋಗುತ್ತದಲ್ಲ ಎಂಬ ಸಂಕಟ ಬೇರೆ.

ಶನಿವಾರ ನಾಗರಾಜನ ಅಂಗಡಿಗೆ ಹೋಗಿ, "ಕಿತ್ತುಬಿಡಪ್ಪ, ಸಾಕು," ಅಂದೆ. ಅವನು ಕೀಳಲಿಲ್ಲ. ಜೇಬಿನಿಂದ ಒಂದು ಚೂರು ಸ್ಯಾಂಡ್‌ಪೇಪರ್ ತೆಗೆದ.

"ಮಿಸ್, ಬೈಬೇಡಿ. ಲ್ಯಾಬಲ್ಲಿ ಸರ್ಕ್ಯೂಟ್ ಹಾಕೋಕ್ ಮುಂಚೆ ವೈರ್ ತುದಿ ಉಜ್ಜಬೇಕು ಅಂತಿದ್ರಿ. ಪ್ರಾಕ್ಟಿಕಲ್‌ನಲ್ಲಿ ನಾನು ಉಜ್ಜಲಿಲ್ಲ ಅಂತ ಎರಡು ಮಾರ್ಕ್ಸ್ ಕಟ್ ಮಾಡಿದ್ರಿ. 'ಕೊಳೆ ಮೇಲೆ ಕರೆಂಟ್ ಹರಿಯುತ್ತೇನೋ ಗೂಬೆ' ಅಂದಿದ್ರಿ." ಅವನು ಆ ಚೂರನ್ನು ನನ್ನ ಮುಂದೆ ಹಿಡಿದ. "ಪೇಂಟ್ ಮೇಲೂ ಹರಿಯಲ್ಲ ಮಿಸ್."

ಮೂವತ್ತು ವರ್ಷದಲ್ಲಿ ನನ್ನ ತರಗತಿ ಅಷ್ಟು ನಿಶ್ಶಬ್ದವಾಗಿದ್ದು ಅದೇ ಮೊದಲು.

"ಮತ್ತೆ ಅವತ್ತೇ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತೋ ನಿಂಗೆ?"

"ಹೇಳ್ದೆ ಮಿಸ್. ಮುಚ್ಕೋ ಅಂದ್ರಿ."

ಸ್ಯಾಂಡ್‌ಪೇಪರ್ ಕಿತ್ತುಕೊಂಡು ನಾನೇ ಡಿಕ್ಕಿಯೊಳಗೆ ಬಗ್ಗಿದೆ. ನನ್ನ ಗಾಡಿಯನ್ನು ಕೆರೆಯುವುದಾದರೆ ನಾನೇ ಕೆರೆಯಬೇಕು. ಕೆಂಪು ಪುಡಿ ಉದುರುತ್ತಿದ್ದರೂ ಒಳಗಿನ ತಗಡು ಬೆಳ್ಳಗೆ ಹೊಳೆಯುವ ತನಕ ಬಿಡಲಿಲ್ಲ. ನಾಗರಾಜ ಬೋಲ್ಟ್ ಬಿಗಿದ. ವಾಲ್ಯೂಮ್ ಪೂರ್ತಿ ತಿರುಗಿಸಿದೆ. ಅಬ್ಬಬ್ಬಾ! ತಮಟೆ ನೇರ ಎದೆಗೇ ಬಂದು ಗುದ್ದಿತು, ಬೀದಿಯ ಷಟರುಗಳೆಲ್ಲ ಗಡಗಡ ಅಂದವು, ಕೆಂಪು ದೀಪ ಹತ್ತಲಿಲ್ಲ. ನಾನು ಅಂಗಡಿಯ ಮುಂದೆ ಎರಡು ಹೆಜ್ಜೆ ಹಾಕಿದೆ ಎಂದು ನಾಗರಾಜ ಹೇಳುತ್ತಾನೆ. ನನಗೆ ನೆನಪಿಲ್ಲ.

ಭಾನುವಾರ ಕೆಂಗೇರಿ ದಾರಿಯಲ್ಲಿ ಯಜಮಾನರು ಎರಡೂ ಕಿವಿಗೆ ಬೆರಳು ಇಟ್ಟುಕೊಂಡು ಕೂತಿದ್ದರು. ಸಿಗ್ನಲಿನಲ್ಲಿ ಸದ್ದು ತಗ್ಗಿಸಿದಾಗ ಒಂದು ಬೆರಳು ತೆಗೆದು, "ಕೊನೆಗೂ ಏನಾಗಿತ್ತಂತೆ?" ಎಂದು ಕೇಳಿದರು.

"ನಾಗರಾಜ ಪೇಂಟ್ ಮೇಲೇ ಅರ್ತ್ ಕೊಟ್ಟಿದ್ದ ರೀ. ನಾನೇ ಕಂಡುಹಿಡಿದು ಉಜ್ಜಿ ಸರಿಮಾಡ್ದೆ."

"ಇಷ್ಟು ವರ್ಷ ಆದ್ರೂ ಬುದ್ಧಿ ಬಂದಿಲ್ವಲ್ಲ ಅವನಿಗೆ! ಎರಡು ಸಲ ಫೇಲಾಗಿದ್ದು ಸುಮ್ನೆ ಅಲ್ಲ ಬಿಡು."

ಇಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಮೊದಲ ಸಲ ನನ್ನ ಕಡೆ ತಿರುಗಿ, "ನೀನು ಬಿಡಪ್ಪ, ಫಿಸಿಕ್ಸ್ ಮೇಡಂ!" ಎಂದು ಮೆಚ್ಚಿ ತಲೆದೂಗಿದರು. ಅಂದು ಪಾಪ, ನಾಗರಾಜನ ಎರಡು ಅಂಕ ಕಡಿದಿದ್ದೆ. ಈಗ ಉಳಿದ ಅಂಕಗಳನ್ನೂ ಕಡಿದು ನನ್ನ ಲೆಕ್ಕಕ್ಕೆ ಹಾಕಿಕೊಂಡು, ವಾಲ್ಯೂಮ್ ಏರಿಸಿದೆ.