ಧರೆಪ್ಪ ಏಳುವುದರ ಪಂಚನಾಮೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲೂಕುಗಳ ನೀರಿನ ನಳ ವರ್ಗಾವಣೆ ಕಚೇರಿಯು ತಿಳಿಯಪಡಿಸಿದ್ದೇನೆಂದರೆ: ಅರ್ಜಿದಾರನು ತನ್ನ ದಿನಬಳಕೆಯ ಒಂದು ವಾಕ್ಯವನ್ನು ಇಂಗ್ಲಿಷ್ ಫ್ರೇಜಲ್ ವರ್ಬ್ (ಜೋಡು ಕ್ರಿಯಾಪದ) ಸಮೇತ ಹೇಳತಕ್ಕದ್ದು. ಹೇಳದವನ ಅರ್ಜಿ ಸ್ವೀಕರಿಸತಕ್ಕದ್ದಲ್ಲ. ಜನ ಓದಿದರು. ಇರಲಿ ಬಿಡು ಅಂದರು.

ಹೂವಿನ ಹಿಪ್ಪರಗಿಯ ಧರೆಪ್ಪನ ನಳ ಹೆಂಡತಿ ದುರ್ಗವ್ವನ ಹೆಸರಿನಲ್ಲಿತ್ತು. ಆಕೆ ತೀರಿ ಐದು ತಿಂಗಳು. ಹೆಸರು ಬದಲಾಗದಿದ್ದರೆ ನಳ ಬಂದ್ ಎಂದು ನೋಟಿಸು ಬಂತು, ಆಕೆಯ ಹೆಸರಿಗೇ.

ಕಚೇರಿ ಬಾಗಿಲಲ್ಲಿ ಅರ್ಜಿ ಬರೆಯುವ ಬಾಬುಲಾಲ ಈಗ ಫ್ರೇಜಲ್ ವರ್ಬ್ ಮಾರುತ್ತಿದ್ದ. ದರ, ಒಂದು ಪ್ಲೇಟು ಮಿರ್ಚಿ ಭಜಿ.

"'ಗೆಟ್ ಅಪ್' ತಗೋ ಕಾಕಾ, ಹಗೂರ ಐತಿ. ಹಾಸಿಗಿ ಬಿಟ್ಟ ಏಳೂದು ಅಂತ. 'ಐ ಗೆಟ್ ಅಪ್ ಎಟ್ ಫೈವ್.'"

"ನಾ ಏಳೂದು ಎಂಟಕ್ಕಲೋ."

"ಎಂಟಕ್ಕ ಏಳಾಂವಗ ಯಾರು ನಳ ಕೊಡ್ತಾರ? ಐದ ಅನ್ನು."

ಧರೆಪ್ಪ ಒಳಗೆ ಹೋಗಿ ಐದೇ ಅಂದ. ಗುಮಾಸ್ತೆ ವಿಜಯಶ್ರೀ ಬರೆದುಕೊಂಡಳು.

"ವಾಕ್ಯ ಬರೋಬ್ಬರಿ ಐತ್ರಿ. ಖರೇ ಐತೇನು ನೋಡಾಕ ಸ್ಥಳಕ್ಕ ಬರ್ತಾರ."

"ಏನ ನೋಡಾಕ್ರಿ, ಅಕ್ಕಾರ?"

"ನೀವು ಏಳೂದು."

ಮರುದಿನ ಬೆಳಗಿನ ಐದಕ್ಕೆ ಕಚೇರಿಯ ಇನ್ಸ್‌ಪೆಕ್ಟರ್ ಮಂಜೂರ ಬಂದ. ಪಂಚರಾಗಿ ಬಾಬುಲಾಲ, ಎದುರುಮನೆಯ ಜೈನುದ್ದೀನ. ಪಂಚನಾಮೆ ಹೀಗಿತ್ತು: "ಸದರಿ ಧರೆಪ್ಪನು ಕೌದಿ ಸರಿಸಿ, ಎರಡು ಸಲ ಆಕಳಿಸಿ, ನಮ್ಮ ಸಮಕ್ಷಮ ಎದ್ದನು."

"ಮುಗೀತಲ್ರಿ ಸಾಹೇಬ್ರ?"

"ದಿನಬಳಕೆ ಅಂತ ಐತಿ ಕಾಕಾ. ಒಂದ ದಿನ ಎದ್ರ ದಿನಬಳಕೆ ಹೆಂಗಾಕ್ಕೈತಿ? ನಲವತ್ತು ದಿನ ಬರ್ತೇವಿ. ಅಲ್ಲೀಮಟ ನಳ ಚಾಲೂ ಇರ್ತೈತಿ."

ಬಂದವರನ್ನು ಒಣಬಾಯಲ್ಲಿ ಕಳಿಸುವುದು ಹೆಂಗ? ಐದು ತಿಂಗಳಿಂದ ಧರೆಪ್ಪ ಒಲೆಯ ಮೇಲೆ ಚಹಾ ಇಟ್ಟಿರಲಿಲ್ಲ. ಒಬ್ಬನಿಗೆಂದು ಕುದಿಸಿದರೆ ಗಂಟಲಿಗಿಳಿಯುತ್ತಿರಲಿಲ್ಲ. ಈಗ ನಾಲ್ಕು ಕಪ್ಪು ಇಟ್ಟ.

"ಇದು ಚಾ ಏನ, ಎಮ್ಮಿ ಕಲಗಚ್ಚ?" ಅಂದ ಬಾಬುಲಾಲ.

"ಬಾಯಿ ಮುಚ್ಚಿ ಕುಡಿ, ಸರಕಾರಿ ಸಾಕ್ಷಿ," ಅಂದ ಜೈನುದ್ದೀನ.

ಹತ್ತನೆಯ ದಿನಕ್ಕೆ ಸಕ್ಕರೆ ಹದಕ್ಕೆ ಬಂತು. ಇಪ್ಪತ್ತಕ್ಕೆ ಶುಂಠಿ ಬಿತ್ತು. ಮೂವತ್ತಕ್ಕೆ ಧರೆಪ್ಪ ನಾಲ್ಕೂವರೆಗೇ ಎದ್ದು ಹಾಲು ಕಾಸಿ, ತಿರುಗಿ ಕೌದಿ ಹೊದ್ದು ಮಲಗಿ, ಐದಕ್ಕೆ ಕಾಯ್ದೆ ಪ್ರಕಾರ ಎದ್ದ.

ನಲವತ್ತನೆಯ ದಿನ ಆದೇಶ ಕೈಗೆ ಬಂತು. ನಳ ಧರೆಪ್ಪನ ಹೆಸರಿಗಾಯಿತು.

"ನಾಳಿಂದ ಆರಾಮ ಮಲಗ್ರಿ," ಅಂದ ಮಂಜೂರ.

ಮರುದಿನ ಯಾರೂ ಬರಲಿಲ್ಲ. ಕಚೇರಿ ಬಾಗಿಲು ತೆರೆಯುವ ಮೊದಲೇ ಧರೆಪ್ಪ ಅಲ್ಲಿ ನಿಂತಿದ್ದ.

"ಮತ್ತೇನ ಅರ್ಜಿರಿ ಕಾಕಾ?" ಬಾಗಿಲು ತೆರೆದ ವಿಜಯಶ್ರೀ ಕೇಳಿದಳು.

"ನಳಾ ದುರ್ಗವ್ವನ ಹೆಸರಿಗೆ ಮಾಡ್ರಿ."

ವಿಜಯಶ್ರೀ ನಿಯಮದ ಪುಸ್ತಕ ತಿರುವಿದಳು. "ತೀರಿಹೋದವರಿಗೆ ವರ್ಗಾ ಮಾಡಬಾರದು ಅಂತ ಎಲ್ಲೂ ಇಲ್ಲ. ವಾಕ್ಯ ಹೇಳ್ರಿ."

ಈ ಸಲ ಧರೆಪ್ಪ ಬಾಬುಲಾಲನ ಹತ್ತಿರ ಕೊಂಡಿರಲಿಲ್ಲ. ತಾನೇ ಕಲಿತು ಬಂದಿದ್ದ.

"ವೀ ಸಿಟ್ ಡೌನ್ ಫಾರ್ ಚಾ."

"'ವೀ' ಅಂದ್ರ ಎಷ್ಟ ಮಂದಿ?"

"ನಾಲ್ಕ ಮಂದಿ ರೀ."

"ಐದು ಅಂತ ಬರಕೋತೇನಿ," ಅಂದಳು ವಿಜಯಶ್ರೀ. "ನನಗ ಸಕ್ಕರಿ ಕಡಿಮಿ ಇರ್ಲಿ."